ಕಿತ್ತ ಮೇಲೂ ಉಸಿರಾಡುವ ತರಕಾರಿ: ಮನೆಯಲ್ಲೇ ಬೆಳೆದು ಮನೆಯಲ್ಲೇ ಬೇಯಿಸುವುದರ ಒಳಗುಟ್ಟು

ಗಿಡದಿಂದ ಈಗಷ್ಟೇ ಕಿತ್ತ ಬೀನ್ಸ್ ಒಂದನ್ನು ಮುರಿದು ನೋಡಿ. ಟಕ್ ಅನ್ನುತ್ತದೆ. ಮುರಿದ ಜಾಗದಲ್ಲಿ ನೀರಿನ ಪಸೆ ಹೊಳೆಯುತ್ತದೆ. ಅದೇ ಗಿಡದ ಇನ್ನೊಂದು ಕಾಯನ್ನು ಮೂರು ದಿನ ಅಡುಗೆಮನೆಯ ಕಟ್ಟೆ ಮೇಲೆ ಬಿಟ್ಟು ಆಮೇಲೆ ಮುರಿಯಿರಿ. ಸದ್ದೇ ಇಲ್ಲ. ರಬ್ಬರಿನ ಹಾಗೆ ಬಾಗುತ್ತದೆ, ಬಲವಾಗಿ ಎಳೆದರೆ ನಾರು ಬಿಚ್ಚಿಕೊಂಡು ಬರುತ್ತದೆ. ಕಾಯಿ ಅದೇ, ಗಿಡ ಅದೇ. ನಡುವೆ ಕಳೆದದ್ದು ಮೂರು ದಿನ ಮಾತ್ರ.

ಮನೆಯಲ್ಲಿ ತರಕಾರಿ ಬೆಳೆಯುವ ಲಾಭ ಏನು ಎಂದು ಕೇಳಿದರೆ ಹೆಚ್ಚಿನವರು ರಾಸಾಯನಿಕದ ಮಾತು ಎತ್ತುತ್ತಾರೆ, ಇಲ್ಲವೇ ಖರ್ಚಿನ ಮಾತು. ಎರಡೂ ಇರಲಿ. ಆದರೆ ನಿಜವಾದ ದೊಡ್ಡ ಲಾಭ ಸಮಯ. ಕಿತ್ತ ಕ್ಷಣಕ್ಕೂ ಒಲೆ ಹಚ್ಚುವ ಕ್ಷಣಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಅನ್ನುವುದು. ಇದೊಂದನ್ನು ಅರ್ಥ ಮಾಡಿಕೊಂಡರೆ ಏನು ಬೆಳೆಯಬೇಕು, ಯಾವಾಗ ಕೀಳಬೇಕು, ಹೇಗೆ ಬೇಯಿಸಬೇಕು ಎಂಬ ಮೂರೂ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

‘ಫಾರ್ಮ್ ಟು ಟೇಬಲ್’ ಅಂದರೆ ಏನು?

ಈ ಹೊತ್ತನ್ನು ಕಡಿಮೆ ಮಾಡುವ ಪದ್ಧತಿಗೆ ಇಟ್ಟ ಇಂಗ್ಲಿಷ್ ಹೆಸರು ಇದು. ಹೊಲದಿಂದ ನೇರವಾಗಿ ತಟ್ಟೆಗೆ ಅನ್ನುವುದಷ್ಟೇ ಇದರ ಅರ್ಥ. ನಡುವೆ ಗೋದಾಮು, ಲಾರಿ, ಸಗಟು ಮಾರುಕಟ್ಟೆ, ಅಂಗಡಿಯ ಕಪಾಟು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬ ಲೆಕ್ಕ. ಈ ವಿಚಾರಕ್ಕೆ ಹೆಸರು ತಂದುಕೊಟ್ಟವರಲ್ಲಿ ಅಮೆರಿಕದ ಆಲಿಸ್ ವಾಟರ್ಸ್ ಮುಖ್ಯರು. 1971ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವರು ‘ಶೇ ಪನೀಸ್’ ಎಂಬ ಹೋಟೆಲು ತೆರೆದರು. ಅಕ್ಕಪಕ್ಕದ ರೈತರಿಂದ ಅಂದಂದಿಗೆ ಏನು ಬರುತ್ತದೋ ಅದಕ್ಕೆ ತಕ್ಕ ಅಡುಗೆ ಮಾಡುವುದು ಅಲ್ಲಿನ ಪದ್ಧತಿಯಾಯಿತು. ಹೆಸರು ಹೊಸದು, ವಿಷಯ ಹಳೆಯದು. ಹಿತ್ತಲಿಗೆ ಹೋಗಿ ಏನಿದೆ ಎಂದು ನೋಡಿಕೊಂಡು ಬಂದು ಅಡುಗೆ ಶುರು ಮಾಡುತ್ತಿದ್ದ ಅಜ್ಜಿಯರು ಇದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ, ಅಷ್ಟೇ.

ಮನೆಯಲ್ಲಿ ಇದನ್ನು ಮಾಡಲು ಹೊಲ ಬೇಕಿಲ್ಲ. ತಾರಸಿ, ಬಾಲ್ಕನಿ, ಬಿಸಿಲು ಬೀಳುವ ಕಿಟಕಿಯಂಚು ಕೂಡ ಸಾಕಾಗುತ್ತದೆ. ಆದರೆ ಎಷ್ಟಕ್ಕೆ ಸಾಕು ಎಂಬುದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಬೇಸರ ಆಗುವುದಿಲ್ಲ. ಆ ಲೆಕ್ಕ ಮುಂದೆ ಬರುತ್ತದೆ.

ಕಿತ್ತ ಮೇಲೆ ಒಳಗೆ ಏನು ನಡೆಯುತ್ತದೆ?

ಗಿಡದಿಂದ ಬೇರೆಯಾದ ತಕ್ಷಣ ಸೊಪ್ಪು, ಕಾಯಿ ಸಾಯುವುದಿಲ್ಲ. ಉಸಿರಾಡುತ್ತಲೇ ಇರುತ್ತವೆ. ಆಮ್ಲಜನಕ ಒಳಗೆಳೆದುಕೊಂಡು, ತಮ್ಮಲ್ಲಿರುವ ಸಕ್ಕರೆಯನ್ನು ಸುಟ್ಟು, ಇಂಗಾಲದ ಡೈಆಕ್ಸೈಡ್ ಮತ್ತು ಶಾಖ ಹೊರಗೆ ಬಿಡುತ್ತವೆ. ಗಿಡದಲ್ಲಿದ್ದಾಗ ಎಲೆಗಳಿಂದ ಸಕ್ಕರೆ, ಬೇರಿನಿಂದ ನೀರು ಬರುತ್ತಿತ್ತು. ಈಗ ಎರಡೂ ಬಂದ್. ಸಂಬಳ ನಿಂತ ಮೇಲೆ ಕೂಡಿಟ್ಟ ದುಡ್ಡಿನಲ್ಲಿ ದಿನ ದೂಡುವ ಹಾಗೆ. ಹಸಿ ಸೊಪ್ಪನ್ನು ಚೀಲದಲ್ಲಿ ಒತ್ತಿ ತುಂಬಿ ಕೆಲವು ಗಂಟೆ ಬಿಟ್ಟು ಒಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಅದು ಸೊಪ್ಪಿನ ಉಸಿರಿನ ಶಾಖ.

ಬಿಸಿ ಹೆಚ್ಚಾದಷ್ಟೂ ಈ ಖರ್ಚು ಹೆಚ್ಚು. ಅಂದಾಜಿಗೆ, ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಫ್ರಿಜ್ ಕೆಲಸ ಮಾಡುವುದು ಇದೇ ಕಾರಣಕ್ಕೆ. ಅದು ತರಕಾರಿಯನ್ನು ‘ಕಾಪಾಡುವುದಿಲ್ಲ’, ಅದರ ಉಸಿರನ್ನು ನಿಧಾನ ಮಾಡುತ್ತದೆ.

ಇದಕ್ಕೆ ಸ್ವೀಟ್ ಕಾರ್ನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮಾಮೂಲಿ ತಳಿಯ ಸ್ವೀಟ್ ಕಾರ್ನ್ ತೆನೆಯನ್ನು ಕಿತ್ತು 30 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಒಂದೇ ದಿನದಲ್ಲಿ ಅದರ ಸಕ್ಕರೆಯ ಸುಮಾರು 60 ಶೇಕಡಾ ಪಿಷ್ಟವಾಗಿ ಬದಲಾಗಬಹುದು. ಸೊನ್ನೆ ಡಿಗ್ರಿಯಲ್ಲಿ ಇಟ್ಟರೆ ಬದಲಾಗುವುದು ಸುಮಾರು 6 ಶೇಕಡಾ. ಹಸಿ ಬಟಾಣಿಯದೂ ಇದೇ ಕಥೆ. ಅಂಗಡಿಯಿಂದ ತಂದ ಬಟಾಣಿ ಹಿಟ್ಟುಹಿಟ್ಟಾಗಿರುತ್ತದೆ, ಗಿಡದಿಂದ ಸುಲಿದು ಬಾಯಿಗೆ ಹಾಕಿಕೊಂಡದ್ದು ಸಿಹಿಯಾಗಿರುತ್ತದೆ ಅಲ್ವಾ? ಅದು ಮನಸ್ಸಿನ ಭ್ರಮೆ ಅಲ್ಲ, ರಸಾಯನ ಶಾಸ್ತ್ರ.

ಸಕ್ಕರೆಯ ಜೊತೆ ವಿಟಮಿನ್ ಸಿ ಕೂಡ ಇಳಿಯುತ್ತದೆ, ಅದರಲ್ಲೂ ತೆಳು ಎಲೆಯ ಸೊಪ್ಪುಗಳಲ್ಲಿ ಬೇಗ. ನೀರೂ ಆರುತ್ತದೆ. ಸೊಪ್ಪಿನ ತೂಕದಲ್ಲಿ 90 ಶೇಕಡಾದಷ್ಟು ನೀರೇ ಇರುವುದರಿಂದ ಸ್ವಲ್ಪ ಆರಿದರೂ ಎಲೆ ಜೋತು ಬೀಳುತ್ತದೆ.

ಎಲ್ಲ ತರಕಾರಿಗೂ ಈ ಅವಸರ ಇಲ್ಲ ಎನ್ನುವುದು ಇನ್ನೊಂದು ಮುಖ. ಈರುಳ್ಳಿ, ಆಲೂಗಡ್ಡೆ, ಬಲಿತ ಕುಂಬಳಕಾಯಿ ಇವೆಲ್ಲ ಹುಟ್ಟಿರುವುದೇ ತಿಂಗಳುಗಟ್ಟಲೆ ಕಾಯಲು. ಗಿಡ ತನ್ನ ಮುಂದಿನ ಕಾಲಕ್ಕೆಂದು ಕಟ್ಟಿಟ್ಟ ಬುತ್ತಿ ಅವು. ಉಸಿರು ನಿಧಾನ, ಸಿಪ್ಪೆ ನೀರು ಆರದಂತೆ ಕಾಯುತ್ತದೆ.

ಹಾಗಾದರೆ ಏನು ಬೆಳೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರೊಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಜನರ ಮನೆಗೆ ದಿನಕ್ಕೆ 1.6 ಕಿಲೋ, ತಿಂಗಳಿಗೆ 48 ಕಿಲೋ. ಹತ್ತು ಹದಿನೈದು ಕುಂಡಗಳಿಂದ ಇಷ್ಟು ಬರುವುದಿಲ್ಲ. ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. ‘ಎಲ್ಲವನ್ನೂ ಬೆಳೆಯಲು ಸಾಧ್ಯವೇ’ ಅನ್ನುವ ಬದಲು ‘ಯಾವುದನ್ನು ಬೆಳೆದರೆ ತಟ್ಟೆಯಲ್ಲಿ ವ್ಯತ್ಯಾಸ ಕಾಣುತ್ತದೆ’ ಎಂದು ಕೇಳಿ. ಕಿತ್ತ ಮೇಲೆ ಬೇಗ ಕೆಡುವಂಥವೇ ಉತ್ತರ. ಕೊತ್ತಂಬರಿ, ಪುದೀನದಂಥ ಪರಿಮಳದ ಸೊಪ್ಪು, ಪಾಲಕ್ ಥರದ ಎಲೆಗಳು, ಎಳೆ ಬೀನ್ಸ್, ಬಟಾಣಿ, ಟೊಮೆಟೊ, ಮೆಣಸಿನಕಾಯಿ. ಒಂದು ಕುಂಡದ ಪುದೀನ ವರ್ಷಪೂರ್ತಿ ಕೊಡುತ್ತದೆ. ಒಂದು ಕುಂಡದ ಆಲೂಗಡ್ಡೆ ತಿಂಗಳುಗಟ್ಟಲೆ ಕಾಯಿಸಿ ಒಂದೆರಡು ಊಟಕ್ಕಾಗುವಷ್ಟು ಕೊಡುತ್ತದೆ. ಜಾಗ ಕಡಿಮೆ ಇದ್ದವರಿಗೆ ಇದು ಸುಲಭದ ತೀರ್ಮಾನ.

ಇನ್ನೊಂದು ಮಾತು. ಮನೆಯಲ್ಲಿ ಯಾರೂ ತಿನ್ನದ ತರಕಾರಿಯನ್ನು ಬೀಜದ ಪೊಟ್ಟಣದ ಚಿತ್ರ ನೋಡಿ ಬೆಳೆಯಬೇಡಿ. ನಾನು ಮೂಲಂಗಿ ಬೆಳೆದು ಈ ಪಾಠ ಕಲಿತೆ.

ಬಿಸಿಲು ಎಂಬ ಊಟ

17ನೇ ಶತಮಾನದಲ್ಲಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಸುಮಾರು 90 ಕಿಲೋ ಒಣ ಮಣ್ಣು ತೂಗಿ ಕುಂಡಕ್ಕೆ ಹಾಕಿ, 2 ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕದ ವಿಲ್ಲೋ ಸಸಿ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಮರ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾದದ್ದು 60 ಗ್ರಾಂ ಕೂಡ ಇಲ್ಲ! ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವರು ತಿಳಿದರು. ಅದು ಅರ್ಧ ಸರಿ. ಗಿಡ ತನ್ನ ಮೈಯನ್ನು ಕಟ್ಟಿಕೊಳ್ಳುವುದು ಹೆಚ್ಚಾಗಿ ಗಾಳಿಯ ಇಂಗಾಲ ಮತ್ತು ನೀರಿನಿಂದ, ಬಿಸಿಲಿನ ಶಕ್ತಿಯಲ್ಲಿ. ಮಣ್ಣಿನಿಂದ ತೆಗೆದುಕೊಳ್ಳುವುದು ಚಿಟಿಕೆಯಷ್ಟು. ಅಡುಗೆಗೆ ಉಪ್ಪು ಇದ್ದ ಹಾಗೆ: ಪ್ರಮಾಣ ಸಣ್ಣದು, ಇಲ್ಲದಿದ್ದರೆ ನಡೆಯುವುದಿಲ್ಲ.

ಇದರಿಂದ ಗೊತ್ತಾಗುವುದು ಇಷ್ಟು. ಬಿಸಿಲು ಇಲ್ಲದ ಜಾಗದಲ್ಲಿ ಎಷ್ಟು ಗೊಬ್ಬರ ಸುರಿದರೂ ಪ್ರಯೋಜನವಿಲ್ಲ. ಕಾಯಿ ಬಿಡುವ ಗಿಡಗಳಿಗೆ, ಅಂದರೆ ಟೊಮೆಟೊ, ಮೆಣಸು, ಬೀನ್ಸ್, ಸೌತೆಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 4 ಗಂಟೆಯಾದರೂ ನಡೆಯುತ್ತದೆ. ಕುಂಡ ಕೊಳ್ಳುವ ಮೊದಲು ಒಂದು ರಜಾ ದಿನ ಎರಡು ಗಂಟೆಗೊಮ್ಮೆ ಹೋಗಿ ಬಿಸಿಲು ಎಲ್ಲಿ ಬೀಳುತ್ತಿದೆ ಎಂದು ನೋಡಿ ಬನ್ನಿ. ಬಿಸಿಲು ಸಾಲದಿದ್ದರೆ ಟೊಮೆಟೊ ಆಸೆ ಬಿಟ್ಟು ಸೊಪ್ಪಿಗೆ ಇಳಿಯುವುದೇ ಜಾಣತನ.

ಮಣ್ಣು ಬರೀ ಮಣ್ಣಲ್ಲ

ಒಳ್ಳೆಯ ಮಣ್ಣಿನಲ್ಲಿ ಅರ್ಧ ಭಾಗ ಖಾಲಿ ಜಾಗ. ನಂಬಲು ಕಷ್ಟ, ಆದರೆ ಹೌದು. ಪಾಠದ ಲೆಕ್ಕದಲ್ಲಿ ಸುಮಾರು 45 ಶೇಕಡಾ ಖನಿಜ ಕಣಗಳು, 5 ಶೇಕಡಾ ಕೊಳೆತ ಜೀವಾಂಶ, ಉಳಿದ ಅರ್ಧದಲ್ಲಿ ನೀರು ಮತ್ತು ಗಾಳಿ ಸಮಪಾಲು. ಬೇರಿಗೂ ಉಸಿರಾಟ ಬೇಕು. ಅದು ಉಸಿರಾಡುವುದು ಈ ಕಿಂಡಿಗಳಲ್ಲಿ. ತೋಟದ ಮಣ್ಣನ್ನು ಹಾಗೇ ತಂದು ಕುಂಡಕ್ಕೆ ತುಂಬಿದರೆ ಕೆಲವೇ ವಾರಗಳಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದಲ್ಲ, ಆಗ ಕಿಂಡಿಗಳೆಲ್ಲ ಮುಚ್ಚಿಹೋಗಿರುತ್ತವೆ. ಅದಕ್ಕೇ ಕುಂಡಕ್ಕೆ ಮಣ್ಣು, ಕಾಂಪೋಸ್ಟ್ (ಕಸ ಕೊಳೆಸಿದ ಗೊಬ್ಬರ), ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮನಾಗಿ ಬೆರೆಸಿ ಹಾಕುವುದು. ಸೊಪ್ಪಿಗೆ 15ರಿಂದ 20 ಸೆಂಟಿಮೀಟರ್ ಆಳ ಸಾಕು. ಟೊಮೆಟೊಗೆ ಕನಿಷ್ಠ 30 ಸೆಂಟಿಮೀಟರ್ ಆಳದ, 15ರಿಂದ 20 ಲೀಟರ್ ಹಿಡಿಯುವ ಕುಂಡ ಬೇಕು. ತಳದಲ್ಲಿ ತೂತು ಇರಲೇಬೇಕು.

ಗೊಬ್ಬರದ ಪೊಟ್ಟಣದ ಮೇಲೆ ‘ಎನ್‌ಪಿಕೆ’ ಎಂದು ಮೂರು ಅಂಕಿ ಇರುತ್ತವೆ. ಎನ್ ಅಂದರೆ ಸಾರಜನಕ, ಎಲೆಯ ಹಸಿರಿಗೆ. ಪಿ ಅಂದರೆ ರಂಜಕ, ಬೇರು ಮತ್ತು ಹೂವಿಗೆ. ಕೆ ಅಂದರೆ ಪೊಟ್ಯಾಷಿಯಂ, ಕಾಯಿ ತುಂಬಲು ಮತ್ತು ಗಿಡದ ಗಟ್ಟಿತನಕ್ಕೆ. ಟೊಮೆಟೊ ಗಿಡ ಕಾಡಿನ ಹಾಗೆ ಬೆಳೆದು ಒಂದೂ ಕಾಯಿ ಬಿಡದಿದ್ದರೆ ಬಹುತೇಕ ಸಾರಜನಕ ಜಾಸ್ತಿಯಾಗಿದೆ, ಇಲ್ಲವೇ ಬಿಸಿಲು ಸಾಲದು.

ಬೀನ್ಸ್, ಬಟಾಣಿ ಗಿಡಗಳು ಈ ವಿಷಯದಲ್ಲಿ ಸ್ವಾವಲಂಬಿಗಳು. ಅವುಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಂದುಕೊಡುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಹೂಬಿಟ್ಟ ಬೀನ್ಸ್ ಗಿಡವೊಂದನ್ನು ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ತಿಳಿಗೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಂಥ ವಸ್ತು ಆ ಬಣ್ಣ ಕೊಡುತ್ತದೆ.

ಇನ್ನು ಕಾಂಪೋಸ್ಟ್. ಅಡುಗೆಮನೆಯ ಸಿಪ್ಪೆ, ತೊಟ್ಟು, ಹಸಿ ಕಸ ಇವು ‘ಹಸಿರು’, ಸಾರಜನಕ ಹೆಚ್ಚು. ಒಣ ಎಲೆ, ಒಣ ಹುಲ್ಲು, ಹರಿದ ರಟ್ಟು ಇವು ‘ಕಂದು’, ಇಂಗಾಲ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು. ಅಳತೆಗೆ ಒಂದು ಬುಟ್ಟಿ ಹಸಿರಿಗೆ ಎರಡು ಮೂರು ಬುಟ್ಟಿ ಕಂದು. ವಾಸನೆ ಬಂತೇ? ನೀರು ಜಾಸ್ತಿ, ಗಾಳಿ ಕಡಿಮೆ. ಒಣ ಎಲೆ ಸೇರಿಸಿ ಕೆದಕಿ. ಕೊಳೆಯುತ್ತಲೇ ಇಲ್ಲವೇ? ಒಣಗಿದೆ, ನೀರು ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸರಿ. ಒಂದು ಮೀಟರ್ ಎತ್ತರ, ಅಷ್ಟೇ ಅಗಲದ ರಾಶಿ ಒಳಗೆ 55ರಿಂದ 65 ಡಿಗ್ರಿವರೆಗೆ ಕಾಯುತ್ತದೆ. ಆ ಬಿಸಿಗೆ ಕಳೆಯ ಬೀಜ, ರೋಗಾಣು ಬಹುತೇಕ ಸಾಯುತ್ತವೆ. ಬಕೆಟ್ಟಿನಲ್ಲಿ ಮಾಡುವ ಕಾಂಪೋಸ್ಟ್ ಅಷ್ಟು ಕಾಯುವುದಿಲ್ಲ. ಆದ್ದರಿಂದ ರೋಗ ಬಂದ ಗಿಡವನ್ನು ಅದಕ್ಕೆ ಹಾಕಬೇಡಿ.

ಆಗಿದೆ ಎಂದು ತಿಳಿಯುವುದು ಹೇಗೆ? ಮೂಗಿನಿಂದ. ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಎರಡಕ್ಕೂ ಕಾರಣ ಒಂದೇ, ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ.

ಎರಡು ಎಚ್ಚರಿಕೆಗಳು. ಹಸಿ ಸಗಣಿ ಗೊಬ್ಬರದಲ್ಲಿ ರೋಗಾಣು ಇರಬಹುದು. ಅಂಥ ಗೊಬ್ಬರ ಹಾಕಿದರೆ, ನೆಲಕ್ಕೆ ತಾಗಿ ಬೆಳೆಯುವ ಫಸಲನ್ನು ಕೊಯ್ಯಲು ಕನಿಷ್ಠ 120 ದಿನ ಬಿಡಬೇಕು ಎಂಬುದು ಅಮೆರಿಕದ ಸಾವಯವ ಕೃಷಿ ನಿಯಮ. ಚೆನ್ನಾಗಿ ಕಳಿತ ಗೊಬ್ಬರವೇ ಮನೆಗೆ ಒಳ್ಳೆಯದು. ಎರಡನೆಯದು, ಹಳೆಯ ಕಟ್ಟಡದ ಗೋಡೆ ಪಕ್ಕದ ಮತ್ತು ದೊಡ್ಡ ರಸ್ತೆ ಪಕ್ಕದ ಮಣ್ಣು. ಹಳೆಯ ಪೇಂಟು, ಹಿಂದಿನ ಕಾಲದ ಪೆಟ್ರೋಲಿನಿಂದ ಬಂದ ಸೀಸ ಅಲ್ಲಿ ಉಳಿದಿರಬಹುದು. ಅಂಥ ಕಡೆ ನೆಲದಲ್ಲಿ ಬೆಳೆಯದೆ ಹೊಸ ಮಣ್ಣಿನ ಕುಂಡದಲ್ಲೋ ಎತ್ತರಿಸಿದ ಮಡಿಯಲ್ಲೋ ಬೆಳೆಯಿರಿ.

ನೀರು: ಪ್ರೀತಿ ಹೆಚ್ಚಾಗಿ ಸಾಯುವ ಗಿಡಗಳು

ನನ್ನ ಮೊದಲ ಇಪ್ಪತ್ತು ಟೊಮೆಟೊ ಸಸಿಗಳಲ್ಲಿ ಹದಿನೇಳು ಸತ್ತವು. ಬೆಳಿಗ್ಗೆ ನೋಡಿದರೆ ನೆಟ್ಟಗಿದ್ದ ಸಸಿ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಅಡ್ಡ ಬಿದ್ದಿರುತ್ತಿತ್ತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಅದೇ ತಪ್ಪು. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಶಿಲೀಂಧ್ರ ಬೆಳೆದು ಎಳೆ ಕಾಂಡವನ್ನು ಬುಡದಲ್ಲೇ ಕೊಳೆಸುತ್ತದೆ. ಸಸಿ ಕೊಳೆ ರೋಗ ಅನ್ನುತ್ತಾರೆ.

ಪರೀಕ್ಷೆ ಸುಲಭ. ಬೆರಳಿನ ಎರಡನೇ ಗೆರೆವರೆಗೆ ಮಣ್ಣಿಗೆ ತೂರಿಸಿ. ಒಳಗೆ ತೇವ ಇದ್ದರೆ ಇವತ್ತು ನೀರು ಬೇಡ. ಹಾಕಿದಾಗ ಮಾತ್ರ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಹಾಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ.

ಟೊಮೆಟೊ ಕಾಯಿಯ ತಳದಲ್ಲಿ ಕಪ್ಪು ಕಲೆ ಬಂದು ಒಳಕ್ಕೆ ಕುಗ್ಗುವುದನ್ನು ನೋಡಿರಬಹುದು. ಹುಳದ ಕೆಲಸ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಯೇ ಪ್ರಯಾಣ ಮಾಡಬೇಕು. ಒಂದು ವಾರ ಒಣಗಿಸಿ, ಒಂದು ದಿನ ಮುಳುಗಿಸಿದರೆ ಆ ಪ್ರಯಾಣ ತಪ್ಪುತ್ತದೆ. ಇದಕ್ಕೆ ಮದ್ದು ಬೇಕಿಲ್ಲ, ನೀರಿನ ಶಿಸ್ತು ಸಾಕು.

ಬೀಜ, ಹೂ, ಹೀಚು

ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಊರಿ. ತೀರಾ ಆಳಕ್ಕೆ ಹೋದರೆ ಬೆಳಕು ಮುಟ್ಟುವ ಮೊದಲೇ ಅದರ ಬುತ್ತಿ ಖಾಲಿ. ಮೊಳಕೆ ಬಂದ ಮೇಲೆ ಸಸಿ ತೆಳ್ಳಗೆ ಉದ್ದ ಆಗುತ್ತಿದ್ದರೆ ಅದು ಬೆಳವಣಿಗೆ ಅಲ್ಲ, ಬೆಳಕಿಗಾಗಿ ಹುಡುಕಾಟ.

ಪೊಟ್ಟಣದ ಮೇಲೆ ‘ಎಫ್1 ಹೈಬ್ರಿಡ್’ ಎಂದಿದ್ದರೆ ಅದು ಎರಡು ಬೇರೆ ಬೇರೆ ತಳಿಗಳ ಮೊದಲ ತಲೆಮಾರಿನ ಮಗು. ಇಳುವರಿ ಚೆನ್ನಾಗಿರುತ್ತದೆ. ಆದರೆ ಅದರ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡಗಳು ಒಂದೊಂದು ಥರ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ನಾಟಿ ತಳಿ ಹುಡುಕಿ.

ಕುಂಬಳ, ಸೌತೆ ಬಳ್ಳಿ ಬೆಳೆಸುವವರ ಸಾಮಾನ್ಯ ದೂರು: ಹೂ ತುಂಬ ಬಿಡುತ್ತದೆ, ಕಾಯಿ ಇಲ್ಲ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಗಂಡು ಹೂಗಳೇ. ಅವುಗಳ ತೊಟ್ಟು ತೆಳು, ಉದ್ದ. ಹೆಣ್ಣು ಹೂವಿನ ಹಿಂದೆ ಕಡಲೆ ಗಾತ್ರದ ಪುಟ್ಟ ಕಾಯಿ ಹುಟ್ಟುವಾಗಲೇ ಅಂಟಿಕೊಂಡಿರುತ್ತದೆ. ಜೇನು ಬಾರದ ತಾರಸಿಯಲ್ಲಿ ಆ ಕೆಲಸ ನಾವೇ ಮಾಡಬೇಕು. ಕುಂಬಳದ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಆದ್ದರಿಂದ ಕಾಫಿಗೆ ಮೊದಲು ಹೋಗಿ. ಗಂಡು ಹೂವೊಂದನ್ನು ಕಿತ್ತು ದಳಗಳನ್ನು ಸುಲಿಯಿರಿ. ನಡುವಿನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದರೆ ಹಳದಿ ಪುಡಿ ಅಂಟುತ್ತದೆ. ಅದನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಿ. ಕೆಲವು ದಿನಗಳಲ್ಲಿ ಹೀಚು ದಪ್ಪವಾದರೆ ಗೆದ್ದಿರಿ. ಹಳದಿಯಾಗಿ ಉದುರಿದರೆ ಪರಾಗ ಮುಟ್ಟಿಲ್ಲ.

ಟೊಮೆಟೊಗೆ ಈ ತಾಪತ್ರಯ ಇಲ್ಲ. ಒಂದೇ ಹೂವಿನಲ್ಲಿ ಎರಡೂ ಇವೆ. ಗೊಂಚಲನ್ನು ಸುಮ್ನೆ ಬೆರಳಿನಿಂದ ತಟ್ಟಿದರೂ ಸಾಕು. ಬಿಸಿಲು 35 ಡಿಗ್ರಿ ದಾಟಿದ ದಿನಗಳಲ್ಲಿ ಮಾತ್ರ ಪರಾಗ ಕೆಟ್ಟು ಹೂ ಉದುರುತ್ತದೆ.

ಹುಳದ ಬಗ್ಗೆ ಒಂದೇ ಮಾತು: ಸಾಯಿಸುವ ಮೊದಲು ಅದು ಯಾರು ಎಂದು ನೋಡಿ. ಗಿಡಹೇನುಗಳನ್ನು ನೀರಿನ ರಭಸಕ್ಕೆ ತೊಳೆದುಬಿಡಬಹುದು. ಅದೇ ಎಲೆಯ ಮೇಲೆ ಮೊಸಳೆ ಮರಿಯ ಆಕಾರದ, ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಪುಟ್ಟ ಹುಳ ಓಡಾಡುತ್ತಿದ್ದರೆ ಬಿಟ್ಟುಬಿಡಿ. ಅದು ಗುಲಗಂಜಿ ಹುಳುವಿನ ಮರಿ, ನೂರಾರು ಹೇನು ತಿನ್ನುತ್ತದೆ.

ಯಾವಾಗ ಕೀಳಬೇಕು?

ಬೀನ್ಸ್, ಸೌತೆ, ಬೆಂಡೆ ಇವನ್ನು ಎಳೆಯದಾಗಿರುವಾಗಲೇ ಕೀಳಿ, ಪದೇ ಪದೇ ಕೀಳಿ. ಗಿಡದ ಗುರಿ ಬೀಜ ಮಾಡುವುದು. ಒಂದೆರಡು ಕಾಯಿ ಬಲಿತು ಬೀಜವಾದರೆ ‘ಕೆಲಸ ಮುಗಿಯಿತು’ ಎಂಬಂತೆ ಹೊಸ ಹೂ ಕಡಿಮೆ ಮಾಡುತ್ತದೆ. ಸೊಪ್ಪಿನಲ್ಲಿ ಹೊರಗಿನ ಎಲೆ ಕಿತ್ತು ನಡುವಿನ ಕುಡಿ ಬಿಟ್ಟರೆ ಮತ್ತೆ ಚಿಗುರುತ್ತದೆ. ಬೆಳಗಿನ ಹೊತ್ತು ಎಲೆಯಲ್ಲಿ ನೀರು ತುಂಬಿರುತ್ತದೆ, ಆಗ ಕೊಯ್ದರೆ ಗರಿಗರಿ.

ಹಣ್ಣಿನಲ್ಲಿ ಎರಡು ಜಾತಿ. ಟೊಮೆಟೊ, ಬಾಳೆ, ಮಾವು, ಪಪ್ಪಾಯಿ ಕಿತ್ತ ಮೇಲೂ ಮಾಗುತ್ತವೆ. ಎಥಿಲೀನ್ ಎಂಬ ಅನಿಲವನ್ನು ತಾವೇ ಬಿಡುತ್ತಾ, ಒಂದು ಇನ್ನೊಂದನ್ನು ಮಾಗಿಸುತ್ತವೆ. ದ್ರಾಕ್ಷಿ, ಕಿತ್ತಳೆ, ಸ್ಟ್ರಾಬೆರಿ ಹಾಗಲ್ಲ. ಕೀಳುವಾಗ ಎಷ್ಟು ಸಿಹಿ ಇತ್ತೋ ಅಷ್ಟೇ.

ಟೊಮೆಟೊ ಬಗ್ಗೆ ಒಂದು ನಂಬಿಕೆ ಇದೆ, ಗಿಡದಲ್ಲೇ ಕಡುಗೆಂಪಾಗಬೇಕು ಎಂದು. ಅಷ್ಟೇನೂ ಬೇಕಿಲ್ಲ. ತಳದಲ್ಲಿ ನಸುಗೆಂಪು ಮೂಡಿದ ಮೇಲೆ ಕಿತ್ತು ಒಳಗಿಟ್ಟರೂ ರುಚಿ ಚೆನ್ನಾಗಿಯೇ ಬರುತ್ತದೆ, ಹಕ್ಕಿಯ ಕಾಟವೂ ತಪ್ಪುತ್ತದೆ. ರುಚಿ ಕೆಡಿಸುವುದು ಫ್ರಿಜ್. ಆ ಚಳಿಗೆ ಅದರ ಪರಿಮಳದ ವಸ್ತುಗಳು ತಯಾರಾಗುವುದೇ ನಿಂತುಹೋಗುತ್ತದೆ. ಪೂರ್ತಿ ಹಣ್ಣಾಗುವವರೆಗಾದರೂ ಹೊರಗಿಡಿ.

ಒಲೆಯ ಮುಂದೆ

ಇಷ್ಟೆಲ್ಲ ಉಳಿಸಿಕೊಂಡು ಬಂದದ್ದನ್ನು ಹತ್ತು ನಿಮಿಷದಲ್ಲಿ ಕಳೆಯಬಹುದು. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ. ಸೊಪ್ಪನ್ನು ಪಾತ್ರೆ ತುಂಬ ನೀರಿನಲ್ಲಿ ಕುದಿಸಿ ಬಸಿದು ಚೆಲ್ಲಿದರೆ ಅದರ ದೊಡ್ಡ ಪಾಲು ಚರಂಡಿಗೆ. ಹಬೆಯಲ್ಲಿ ಬೇಯಿಸಿ, ಇಲ್ಲವೇ ತೊಳೆದಾಗ ಅಂಟಿದ ನೀರಿನಲ್ಲೇ ಬಾಡಿಸಿ. ಬಸಿದ ನೀರನ್ನು ಅದೇ ಅಡುಗೆಗೆ ಬಳಸಿದರೂ ಆಯಿತು. ತೊಳೆಯುವುದು ಹೆಚ್ಚುವ ಮೊದಲು, ಹರಿಯುವ ನೀರಿನಲ್ಲಿ. ಸೋಪು ಬೇಡ.

ಹಸಿರು ಬೀನ್ಸ್ ಬೇಯುತ್ತಾ ಬೇಯುತ್ತಾ ಮಂಕು ಕಂದು ಬಣ್ಣಕ್ಕೆ ತಿರುಗುವುದೇಕೆ? ಎಲೆಹಸಿರಿನ ನಡುವೆ ಮೆಗ್ನೀಷಿಯಂನ ಒಂದು ಪರಮಾಣು ಕೂತಿದೆ. ತರಕಾರಿಯೊಳಗಿನ ಹುಳಿ ಬಿಸಿಗೆ ಬಿಡುಗಡೆಯಾಗಿ ಅದನ್ನು ಹೊರದಬ್ಬುತ್ತದೆ, ಬಣ್ಣ ಹೋಗುತ್ತದೆ. ಮುಚ್ಚಳ ತೆಗೆದಿಟ್ಟರೆ ಆ ಹುಳಿಯ ಒಂದಷ್ಟು ಭಾಗ ಹಬೆಯ ಜೊತೆ ಹೊರಹೋಗುತ್ತದೆ. ನಿಂಬೆರಸ, ಟೊಮೆಟೊ ಕೊನೆಗೆ ಸೇರಿಸಿ. ಸೋಡಾ ಹಾಕಿದರೆ ಹಸಿರೇನೋ ಉಳಿಯುತ್ತದೆ, ಆದರೆ ತರಕಾರಿ ಲೊಳಲೊಳ ಆಗಿ ವಿಟಮಿನ್ನುಗಳೂ ಹಾಳಾಗುತ್ತವೆ. ಒಳ್ಳೆಯ ವ್ಯಾಪಾರ ಅಲ್ಲ.

ಹಸಿಯಾಗಿ ತಿಂದರೇ ಶ್ರೇಷ್ಠ ಎಂಬ ಮಾತೂ ಪೂರ್ತಿ ನಿಜವಲ್ಲ. ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್, ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್ ಇವು ಬೇಯಿಸಿದಾಗ ಕೋಶಗಳಿಂದ ಬಿಡಿಸಿಕೊಂಡು ಮೈಗೆ ಸುಲಭವಾಗಿ ಸಿಗುತ್ತವೆ. ಇವು ಕರಗುವುದು ಎಣ್ಣೆಯಲ್ಲಿ, ಆದ್ದರಿಂದ ಒಂದು ಚಮಚ ಎಣ್ಣೆ ಬೇಕು. ಸೊಪ್ಪು, ಕಾಳಿನ ಕಬ್ಬಿಣಾಂಶ ಚೆನ್ನಾಗಿ ಹೀರಲು ಜೊತೆಗೆ ವಿಟಮಿನ್ ಸಿ ಇರಬೇಕು: ಇಳಿಸಿದ ಮೇಲೆ ನಿಂಬೆ ಹಿಂಡಿ. ಊಟದ ಜೊತೆಗೇ ಟೀ ಕುಡಿದರೆ ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು ಬಾಣಲೆಗೆ ಹಾಕಿ. ಅದರ ಘಾಟಿನ ಅಲಿಸಿನ್ ಹುಟ್ಟುವುದು ಜಜ್ಜಿದ ಮೇಲೆ.

ಹುರಿಯುವಾಗ ಬಾಣಲೆ ತುಂಬ ತರಕಾರಿ ಸುರಿಯಬೇಡಿ. ಹೊಂಬಣ್ಣ ಮತ್ತು ಆ ಘಮ ಬರಲು ಸುಮಾರು 140 ಡಿಗ್ರಿ ಬಿಸಿ ಬೇಕು. ನೀರು ಇರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ತರಕಾರಿ ಹೆಚ್ಚಾದರೆ ಬಿಟ್ಟ ನೀರಿನಲ್ಲೇ ಬೇಯುತ್ತದೆ, ಹುರಿಯುವುದಿಲ್ಲ.

ತರಕಾರಿ ಒಂದೇ ಪೂರ್ತಿ ಊಟ ಅಲ್ಲ ಎಂಬುದನ್ನೂ ಹೇಳಬೇಕು. ತಟ್ಟೆಯ ಅರ್ಧ ಹಣ್ಣು ತರಕಾರಿ, ಕಾಲು ಭಾಗ ಧಾನ್ಯ, ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನ್. ಈ ಅಂದಾಜು ನೆನಪಿಡಲು ಸುಲಭ.

ಜಾಸ್ತಿ ಬೆಳೆದುಬಿಟ್ಟರೆ

ಇಡೀ ತಿಂಗಳು ಏನೂ ಇಲ್ಲ, ಆಮೇಲೆ ಒಂದೇ ವಾರ ಐದು ಕಿಲೋ ಬೀನ್ಸ್. ಹಿತ್ತಲಿನ ಸ್ವಭಾವವೇ ಹೀಗೆ. ಫ್ರೀಜರಿಗೆ ಹಾಕುವುದಾದರೆ ಮೊದಲು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ನೀರು ಆರಿಸಿ ಕಟ್ಟಿಡಿ. ಕಾಯಿಯೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತವೆ. ಕುದಿನೀರು ಅವನ್ನು ನಿಲ್ಲಿಸುತ್ತದೆ.

ಉಪ್ಪಿನಲ್ಲಿ ಹುಳಿ ಬರಿಸುವುದು ಇನ್ನೊಂದು ದಾರಿ. ಒಂದು ಕಿಲೋ ಹೆಚ್ಚಿದ ತರಕಾರಿಗೆ 20 ಗ್ರಾಂ ಉಪ್ಪು, ಅಂದರೆ 2 ಶೇಕಡಾ. ತರಕಾರಿ ರಸದಲ್ಲಿ ಮುಳುಗಿರಬೇಕು. ಹುಳಿ ಬರಿಸುವ ಬ್ಯಾಕ್ಟೀರಿಯಾ ಆ ಉಪ್ಪನ್ನು ತಡೆದುಕೊಳ್ಳುತ್ತದೆ, ಕೆಡಿಸುವಂಥವು ಬಹುತೇಕ ತಡೆದುಕೊಳ್ಳುವುದಿಲ್ಲ.

ಬಾಟಲಿಗೆ ತುಂಬಿ ಮುಚ್ಚಿಡುವ ವಿಷಯದಲ್ಲಿ ಮಾತ್ರ ಅಂದಾಜು ಕೆಲಸ ಬೇಡ. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ ಜಾಗ ಬಾಟುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾಗೆ ತವರುಮನೆ. ಅದರ ವಿಷ ಜೀವಕ್ಕೇ ಅಪಾಯ. ಬೀನ್ಸ್, ಕಾರ್ನ್‌ನಂಥ ಹುಳಿಯಿಲ್ಲದವನ್ನು, ಅಂದರೆ ಹುಳಿಯ ಅಳತೆಯಾದ ಪಿಎಚ್ (ಅಂಕಿ ಹೆಚ್ಚಾದಷ್ಟೂ ಹುಳಿ ಕಡಿಮೆ) 4.6ಕ್ಕಿಂತ ಮೇಲಿರುವವನ್ನು, ಬರೀ ಕುದಿಸಿ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡಬಾರದು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನು ಹೊರಗೆ ಇಡುವುದೂ ಅಷ್ಟೇ ಅಪಾಯ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ.

ಬೀಜ ಉಳಿಸುವವರು ಗಮನಿಸಬೇಕಾದ್ದು

ಬೀನ್ಸ್, ಟೊಮೆಟೊ ತಮ್ಮ ಹೂವಿನ ಪರಾಗವನ್ನೇ ಬಳಸಿಕೊಳ್ಳುವುದರಿಂದ ಅವುಗಳ ಬೀಜ ಬಹುತೇಕ ತಾಯಿಯಂತೆಯೇ ಇರುತ್ತದೆ. ಒಂದೆರಡು ಬೀನ್ಸ್ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಡಿ. ಅಲ್ಲಾಡಿಸಿದಾಗ ಗಿಲಗಿಲ ಅಂದರೆ ಸುಲಿದು, ತೇವ ಇಲ್ಲದ ತಂಪು ಜಾಗದಲ್ಲಿಡಿ.

ಕುಂಬಳದ ಜಾತಿಯಲ್ಲಿ ಹಾಗಲ್ಲ. ಜೇನು ಎಲ್ಲಿಂದ ಪರಾಗ ತಂದಿತೋ ಗೊತ್ತಾಗುವುದಿಲ್ಲ. ಪಕ್ಕದಲ್ಲೆಲ್ಲೋ ಅದೇ ಜಾತಿಯ ಅಲಂಕಾರದ ಕುಂಬಳದ ಬಳ್ಳಿ ಇದ್ದು ಅದರ ಪರಾಗ ಸೇರಿದ್ದರೆ, ಆ ಬೀಜದಿಂದ ಹುಟ್ಟಿದ ಬಳ್ಳಿಯ ಕಾಯಿ ವಿಪರೀತ ಕಹಿಯಾಗಬಹುದು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರಿಸುತ್ತದೆ. ಆದ್ದರಿಂದ ಉಳಿಸಿದ ಬೀಜದ ಕುಂಬಳ, ಸೋರೆ, ಸೌತೆ ಹೆಚ್ಚುವಾಗ ಮೊದಲು ಒಂದು ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ನೋಡಿ. ಕಹಿ ಅನ್ನಿಸಿದರೆ ಉಗಿದು ಬಾಯಿ ತೊಳೆದುಕೊಳ್ಳಿ. ಎಷ್ಟೇ ಕಷ್ಟಪಟ್ಟು ಬೆಳೆದಿದ್ದರೂ ಆ ಕಾಯಿ ಪೂರ್ತಿಯಾಗಿ ಕಾಂಪೋಸ್ಟ್ ಬುಟ್ಟಿಗೆ.